ಮಗುವನ್ನು ಎಲ್ಲಿಟ್ಟುಕೊಳ್ಳೋದು: ಆಸ್ಪತ್ರೆಯಾ, ಮನೆಯಾ, ಹಾಸ್ಪಿಸ್ಸಾ, ಊರಾ?

"ಡಾಕ್ಟ್ರು ಪ್ಯಾಲಿಯೇಟಿವ್‌ಗೆ ಬರೆದುಕೊಟ್ಟಿದ್ದಾರೆ. ಅಂದ್ರೆ ಕೈಬಿಟ್ರು ಅಂತ ಅಲ್ವಾ?"

ಫೋನಿನ ಆ ಕಡೆಯಿಂದ ಬರುವ ಮೊದಲ ಮಾತು ಹೆಚ್ಚುಕಮ್ಮಿ ಇದೇ. ಸ್ನೇಹಿತರ ಸ್ನೇಹಿತರು, ಆಫೀಸಿನವರ ನೆಂಟರು, ಒಮ್ಮೆ ನಮ್ಮ ಬೀದಿಯ ಇಸ್ತ್ರಿ ಅಂಗಡಿಯವರ ತಂಗಿ. ನಾನು ಡಾಕ್ಟರಲ್ಲ, ನರ್ಸೂ ಅಲ್ಲ. ಅಕ್ಕನ ಮಗಳಿಗೆ ಆರನೇ ವರ್ಷಕ್ಕೆ ನ್ಯೂರೋಬ್ಲಾಸ್ಟೋಮಾ (ನರದ ಕೋಶಗಳಿಂದ ಹುಟ್ಟುವ, ಪುಟ್ಟ ಮಕ್ಕಳ ಕ್ಯಾನ್ಸರ್) ಮರುಕಳಿಸಿ ಮೂಳೆಗೆ ಹರಡಿತು. ಕೊನೆಯ ಐದು ತಿಂಗಳು ಅವಳು ಹನುಮಂತನಗರದ ನಮ್ಮ ಮನೆಯಲ್ಲಿದ್ದಳು. ಆ ಐದು ತಿಂಗಳಲ್ಲಿ ಆಸ್ಪತ್ರೆ, ಮನೆ, ಹಾಸ್ಪಿಸ್ (ವಾಸಿಯಾಗದ ಕಾಯಿಲೆಯವರನ್ನು ಇಟ್ಟುಕೊಂಡು ನೋವು ಇಳಿಸಿ ನೋಡಿಕೊಳ್ಳುವ ಜಾಗ) ಮೂರೂ ಆಯಿತು. ಆಮೇಲೆ ಯಾರೋ ಯಾರಿಗೋ ನನ್ನ ನಂಬರ್ ಕೊಟ್ಟರು, ಇವತ್ತಿಗೂ ಫೋನು ನಿಂತಿಲ್ಲ. ಪ್ರತಿಸಲವೂ ಒಂದು ಗಂಟೆ ಮಾತಾಡುವುದನ್ನು ಈ ಸಲ ಬರೆದೇ ಬಿಡೋಣ ಅನ್ನಿಸಿತು.

ಕೈಬಿಟ್ಟರು ಅಂತ ಅರ್ಥವಲ್ಲ. ಪ್ಯಾಲಿಯೇಟಿವ್ ಅಂದರೆ ಉಪಶಮನ ಆರೈಕೆ, ನೋವು ಸಂಕಟ ಇಳಿಸುವ ಆರೈಕೆ. ವಿಶ್ವ ಆರೋಗ್ಯ ಸಂಸ್ಥೆ 1998ರಲ್ಲೇ ಮಕ್ಕಳ ಉಪಶಮನ ಆರೈಕೆಯ ಬಗ್ಗೆ ಹೇಳುವಾಗ, ಅದು ಕಾಯಿಲೆ ಗೊತ್ತಾದಾಗಲೇ ಶುರುವಾಗಬೇಕು, ಕಾಯಿಲೆಗೆ ಚಿಕಿತ್ಸೆ ನಡೆಯಲಿ ಬಿಡಲಿ ಮುಂದುವರಿಯಬೇಕು ಎಂದಿತ್ತು. ನೋವು, ವಾಂತಿ, ಏದುಸಿರು, ನಿದ್ದೆಗೇಡು, ಭಯ, ಜೊತೆಗೆ ಅಪ್ಪ ಅಮ್ಮ ಅಣ್ಣ ತಂಗಿಯರ ಸಂಕಟ, ಇಷ್ಟೂ ಅದರ ಕೆಲಸ. ಕೀಮೋ ನಡೆಯುತ್ತಿರುವಾಗಲೂ ಪ್ಯಾಲಿಯೇಟಿವ್ ಡಾಕ್ಟರನ್ನು ನೋಡಬಹುದು. ಬೇಗ ನೋಡಿದಷ್ಟೂ ಒಳ್ಳೆಯದು. ಬರೀ ನೋವು ಇಳಿಸುವುದಕ್ಕೇ ಕೊಡುವ ರೇಡಿಯೇಷನ್ ಇದೆ ಅನ್ನುವುದು ನಮಗೆ ಗೊತ್ತೇ ಇರಲಿಲ್ಲ. ನಮ್ಮ ಹುಡುಗಿಯ ತೊಡೆಮೂಳೆಗೆ ಒಂದೇ ಸಲ ಕೊಟ್ಟರು, ಎರಡು ವಾರ ಕಳೆಯುವಷ್ಟರಲ್ಲಿ ಗೋಡೆ ಹಿಡಿದು ಬಚ್ಚಲಿಗೆ ನಡೆದಳು.

ಆದ್ದರಿಂದ "ಟ್ರೀಟ್‌ಮೆಂಟಾ, ಪ್ಯಾಲಿಯೇಟಿವ್ವಾ" ಅನ್ನುವ ಜಗಳವನ್ನು ಪಕ್ಕಕ್ಕಿಡಿ. ಮನೆಯವರೆಲ್ಲ ಕೂತು ತೀರ್ಮಾನಿಸಬೇಕಾದ್ದು ಮಗು ಎಲ್ಲಿರಬೇಕು, ಯಾರ ಕೈಯಳತೆಯಲ್ಲಿರಬೇಕು ಅನ್ನುವುದನ್ನು.

ಮೊದಲು ಅಳತೆಗೋಲು

ರಾತ್ರಿ ಎರಡು ಗಂಟೆಗೆ ಫೋನ್ ಎತ್ತುವವರು ಯಾರು? ನನ್ನ ಲೆಕ್ಕದಲ್ಲಿ ಉಳಿದೆಲ್ಲ ಪ್ರಶ್ನೆಗಳೂ ಇದರ ಹಿಂದೆ ನಿಲ್ಲಬೇಕು. ಹಗಲು ಹನ್ನೊಂದಕ್ಕೆ ಎಲ್ಲ ಆಸ್ಪತ್ರೆಗಳೂ ಚೆನ್ನಾಗಿರುತ್ತವೆ. ಮಗು ನರಳಲು ಶುರುಮಾಡುವುದು, ಜ್ವರ ಏರುವುದು, ಮೂಗಿನ ನಳಿಗೆ ಕಿತ್ತು ಬರುವುದು ಮಾತ್ರ ರಾತ್ರಿಯೇ. ಆಗ "ಇಷ್ಟು ಕೊಡಿ, ಅರ್ಧ ಗಂಟೆ ನೋಡಿ, ಮತ್ತೆ ಫೋನ್ ಮಾಡಿ" ಎನ್ನುವ ಒಂದು ದನಿ ಇದ್ದರೆ ಮನೆಯೂ ಆಸ್ಪತ್ರೆಯಾಗುತ್ತದೆ. ಇಲ್ಲದಿದ್ದರೆ ಆಂಬುಲೆನ್ಸ್, ಎಮರ್ಜೆನ್ಸಿ, ಮಗುವಿನ ಕಥೆಯೇ ಗೊತ್ತಿಲ್ಲದ ಡ್ಯೂಟಿ ಡಾಕ್ಟರಿಗೆ ಮೊದಲಿನಿಂದ ಎಲ್ಲ ಹೇಳುವುದು.

ಎರಡನೆಯದು ಮಾರ್ಫಿನ್. ಜೋರು ನೋವಿಗೆ ಬಾಯಿಂದ ಕೊಡುವ ಮಾರ್ಫಿನ್ನಿನಷ್ಟು ನೆಚ್ಚಬಹುದಾದ ಔಷಧ ಕಡಿಮೆ. ಮಕ್ಕಳ ನೋವಿಗೆ ವಿಶ್ವ ಆರೋಗ್ಯ ಸಂಸ್ಥೆ 2012ರಲ್ಲಿ ಹೇಳಿದ ದಾರಿಯಲ್ಲಿ ಎರಡೇ ಮೆಟ್ಟಿಲು. ಮೊದಲು ಪ್ಯಾರಾಸಿಟಮಾಲ್ ಅಥವಾ ಐಬುಪ್ರೊಫೆನ್, ಅದಕ್ಕೆ ಬಗ್ಗದ ನೋವಿಗೆ ಮಾರ್ಫಿನ್. ನಡುವೆ ಕೊಡುತ್ತಿದ್ದ ಕೋಡೀನನ್ನು ಮಕ್ಕಳಿಗೆ ಬೇಡವೆಂದು ಕೈಬಿಟ್ಟರು. ಆದರೆ ಮಾರ್ಫಿನ್ ಅಫೀಮಿನಿಂದ ಬರುವ ಔಷಧ, ಮೂಲೆಯ ಮೆಡಿಕಲ್ ಸ್ಟೋರಿನಲ್ಲಿ ಸಿಗುವುದಿಲ್ಲ. 1985ರ ಮಾದಕ ವಸ್ತು ಕಾಯ್ದೆಯನ್ನು 2014ರಲ್ಲಿ ಸಡಿಲಿಸಿದ ಮೇಲೂ ಅದನ್ನು ಇಟ್ಟು ಕೊಡುವುದು ಮಾನ್ಯತೆ ಪಡೆದ ಸಂಸ್ಥೆಗಳೇ. ನಮಗೊಂದು ಆಸ್ಪತ್ರೆಯಲ್ಲಿ ಶನಿವಾರ ಮಧ್ಯಾಹ್ನ ಡಿಸ್ಚಾರ್ಜ್ ಮಾಡಿ ಚೀಟಿ ಬರೆದು ಕಳಿಸಿದರು. ಔಷಧ ಎಲ್ಲಿ ಸಿಗುತ್ತದೆ ಎಂದು ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಭಾವ ಸ್ಕೂಟರಿನಲ್ಲಿ ಏಳು ಅಂಗಡಿ ಸುತ್ತಿ ಬಂದರು. ಒಬ್ಬ ಅಂಗಡಿಯವನು ಚೀಟಿ ನೋಡಿ ಇವರನ್ನೇ ಅನುಮಾನದಿಂದ ನೋಡಿದನಂತೆ. ಸೋಮವಾರ ಬೆಳಗಿನವರೆಗೆ ಆ ಮಗು ಪಟ್ಟ ಪಾಡು ಇಲ್ಲಿ ಬರೆಯುವಂಥದಲ್ಲ. ಆದ್ದರಿಂದ ಎಲ್ಲಿಗೆ ಹೋದರೂ ಕೇಳಿ: ಮಾರ್ಫಿನ್ ಇಲ್ಲೇ ಕೊಡುತ್ತೀರಾ, ಎಷ್ಟು ದಿನಕ್ಕೆ ಕೊಡುತ್ತೀರಾ, ಮುಗಿದರೆ ಯಾವ ವಾರ ಯಾರು ಬರಬೇಕು, ಮಗುವನ್ನು ಕರೆತರಲೇಬೇಕಾ?

ಮೂರನೆಯದು ಕಾಯಿಲೆ ಯಾವುದು ಅನ್ನುವುದು. ನಮ್ಮಲ್ಲಿ ಪ್ಯಾಲಿಯೇಟಿವ್ ಸೇವೆಗಳು ಬಹುತೇಕ ಕ್ಯಾನ್ಸರಿನ ಸುತ್ತ ಬೆಳೆದವು. ಸ್ನಾಯು ಕ್ಷಯ, ಸೆರೆಬ್ರಲ್ ಪಾಲ್ಸಿ, ಹುಟ್ಟಿನಿಂದಲೇ ಬಂದ ಹೃದಯದ ಕಾಯಿಲೆ ಇರುವ ಮಕ್ಕಳಿಗೆ ದಾರಿ ಬೇರೆ. ಅದನ್ನು ಆಮೇಲೆ ಹೇಳುತ್ತೇನೆ.

ನಾಲ್ಕನೆಯದು, ಮನೆಯಲ್ಲಿ ಕೈ ಎಷ್ಟಿವೆ? ಮನಸ್ಸು ಎಷ್ಟಿದೆ ಎಂದು ಕೇಳುತ್ತಿಲ್ಲ, ಕೈ ಎಷ್ಟಿವೆ ಎಂದೇ ಕೇಳುತ್ತಿದ್ದೇನೆ. ಒಬ್ಬಳೇ ತಾಯಿ, ಎರಡು ವರ್ಷದ ಇನ್ನೊಂದು ಕೂಸು, ಎರಡನೇ ಮಹಡಿಯ ಮನೆ, ಲಿಫ್ಟ್ ಇಲ್ಲ ಅಂದರೆ ಲೆಕ್ಕ ಬೇರೆಯೇ ಆಗುತ್ತದೆ.

ದುಡ್ಡಿನ ಲೆಕ್ಕದಲ್ಲಿ ಬಿಲ್ಲಿನ ಜೊತೆ ಕಳೆದುಹೋದ ಸಂಬಳವನ್ನೂ ಆಟೋ ಬಾಡಿಗೆಯನ್ನೂ ಸೇರಿಸಿ. ಉಚಿತ ಅನ್ನುವ ಜಾಗಕ್ಕೆ ದಿನಾ ಊರಿನ ಈ ತುದಿಯಿಂದ ಆ ತುದಿಗೆ ಓಡಾಡಿದರೆ ಅದು ಉಚಿತವಾಗಿ ಉಳಿಯುವುದಿಲ್ಲ.

ಕೊನೆಗೆ, ಮಗುವನ್ನು ಕೇಳಿದಿರಾ? ಆರು ವರ್ಷದವಳಿಗೂ ಅಭಿಪ್ರಾಯವಿರುತ್ತದೆ. ನಮ್ಮವಳದು ಬಹಳ ಸ್ಪಷ್ಟವಾಗಿತ್ತು: "ಸೂಜಿ ಇಲ್ಲದಿರೋ ಕಡೆ."

ಆಸ್ಪತ್ರೆಯಲ್ಲೇ, ಪ್ಯಾಲಿಯೇಟಿವ್ ವಿಭಾಗದ ಜೊತೆ

ಬೆಂಗಳೂರಿನಲ್ಲಿ ಬಡವರಿಗೂ ಮಧ್ಯಮ ವರ್ಗಕ್ಕೂ ಮೊದಲ ಹೆಸರು ಕಿದ್ವಾಯಿ. 1973ರಲ್ಲಿ ಶುರುವಾದ ಸರ್ಕಾರಿ ಕ್ಯಾನ್ಸರ್ ಸಂಸ್ಥೆ. ಮಕ್ಕಳ ಕ್ಯಾನ್ಸರ್ ವಿಭಾಗವೂ ಪ್ಯಾಲಿಯೇಟಿವ್ ವಿಭಾಗವೂ ಒಂದೇ ಆವರಣದಲ್ಲಿವೆ. ಹತ್ತಿರದಲ್ಲೇ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ, ನಿಮ್ಹಾನ್ಸ್. ಕೋರಮಂಗಲದ ಸೇಂಟ್ ಜಾನ್ಸ್‌ನಲ್ಲಿ ನೋವು ಮತ್ತು ಪ್ಯಾಲಿಯೇಟಿವ್ ವಿಭಾಗವಿದೆ. ದೊಡ್ಡ ಖಾಸಗಿ ಆಸ್ಪತ್ರೆಗಳಲ್ಲೂ ಈಗ ಒಬ್ಬಿಬ್ಬರು ಪ್ಯಾಲಿಯೇಟಿವ್ ತಜ್ಞರಿರುತ್ತಾರೆ. ಆದರೆ ನೀವಾಗಿ ಕೇಳದೆ ಅವರನ್ನು ಹಾಸಿಗೆಯ ಬಳಿ ಕರೆಸುವುದು ಅಪರೂಪ. ಬಾಯಿಬಿಟ್ಟು ಕೇಳಿ.

ಇದರ ಲಾಭ ನೇರವಾದದ್ದು. ರಕ್ತ ಬೇಕಾದರೆ ರಕ್ತ, ಸ್ಕ್ಯಾನ್ ಬೇಕಾದರೆ ಸ್ಕ್ಯಾನ್, ಮಗುವಿನ ಫೈಲು ಅಲ್ಲೇ. ಪ್ಲೇಟ್‌ಲೆಟ್ ಪದೇ ಪದೇ ಕುಸಿಯುವ ಲ್ಯುಕೇಮಿಯಾ (ರಕ್ತದ ಕ್ಯಾನ್ಸರ್) ಮಕ್ಕಳಿಗೆ ಆಸ್ಪತ್ರೆಯ ನಂಟು ಪೂರ್ತಿ ಕಡಿದುಕೊಳ್ಳುವುದು ಕಷ್ಟ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸಿಗುವುದೂ ಮುಖ್ಯವಾಗಿ ಒಳರೋಗಿಯಾಗಿ ಸೇರಿದಾಗಲೇ. ಎಪಿಎಲ್‌ನವರಿಗೆ ಚಿಕಿತ್ಸೆಗೆ ಸರ್ಕಾರ ಗೊತ್ತುಮಾಡಿದ ಪ್ಯಾಕೇಜ್ ದರದ 30 ಶೇಕಡಾ, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಮನೆಯಲ್ಲಿ ಬಾಡಿಗೆಗೆ ತಂದ ಆಕ್ಸಿಜನ್ ಯಂತ್ರದ ದುಡ್ಡು ಈ ಕಾರ್ಡಿನಲ್ಲಿ ಬರುವುದಿಲ್ಲ.

ನಷ್ಟವೂ ಇದೆ. ಸಾಲು, ವಾರ್ಡು, ಪಕ್ಕದ ಹಾಸಿಗೆಯ ಅಳು, ತಂಗಿಗೆ ಒಳಗೆ ಬಿಡದಿರುವುದು. ಮತ್ತೆ, ಯಾರೂ ಮುಂಚೆ ಮಾತಾಡದೆ ಬಿಟ್ಟರೆ, ಕೊನೆಯ ದಿನ ಐಸಿಯು. ಮಗು ಒಳಗೆ, ಅಮ್ಮ ಹೊರಗೆ ಸ್ಟೀಲ್ ಕುರ್ಚಿಯಲ್ಲಿ, ನೋಡಲು ಬಿಡುವುದು ಗಡಿಯಾರ ನೋಡಿ. ಐಸಿಯು ತಪ್ಪು ಅಂತ ನಾನು ಹೇಳುತ್ತಿಲ್ಲ. ವಾಸಿಯಾಗಬಲ್ಲ ನ್ಯುಮೋನಿಯಾ ಬಂದಾಗ ಹೋಗಲೇಬೇಕಾಗಬಹುದು. ಆದರೆ ವೆಂಟಿಲೇಟರ್ ಹಾಕುವುದರಿಂದ ಮಗುವಿಗೆ ಏನು ಸಿಗುತ್ತದೆ ಎಂದು ಶಾಂತವಾಗಿರುವ ದಿನವೇ ಡಾಕ್ಟರನ್ನು ಕೇಳಿಟ್ಟುಕೊಳ್ಳಿ. ಹೃದಯ ನಿಂತಾಗ ಎದೆ ಒತ್ತಿ ಎಬ್ಬಿಸುವ ಪ್ರಯತ್ನ ಬೇಡ ಎನ್ನುವ ತೀರ್ಮಾನದ ಬಗ್ಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಮಾರ್ಗಸೂಚಿ ಹೊರತಂದಿದೆ. ಅದನ್ನು ಬರೆದಿಟ್ಟರೆ ನೋವಿನ ಔಷಧ, ಆಕ್ಸಿಜನ್, ಆರೈಕೆ ಯಾವುದೂ ನಿಲ್ಲುವುದಿಲ್ಲ.

ಹೊರಊರಿನವರಿಗೆ ಕಿದ್ವಾಯಿ ಆವರಣದ ಧರ್ಮಶಾಲೆ ದೊಡ್ಡ ಆಸರೆ. ಜಾಗ ಸಿಗುತ್ತದೋ ಇಲ್ಲವೋ ಎಂದು ಅಲ್ಲಿನ ಸಮಾಜ ಕಾರ್ಯಕರ್ತರನ್ನು ಮೊದಲ ದಿನವೇ ಕೇಳಿಕೊಳ್ಳಿ.

ಮನೆಯಲ್ಲಿ, ತಂಡ ಬಂದು ಹೋಗುವಂತೆ

ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ. ಫೋನ್ ಮಾಡುವವರಲ್ಲಿ ಮುಕ್ಕಾಲು ಪಾಲು ಜನರ ಮನಸ್ಸು ಇಲ್ಲೇ ಇರುತ್ತದೆ, ಭಯವೂ ಇಲ್ಲೇ.

ಕರುಣಾಶ್ರಯ ಅನ್ನುವ ಹಾಸ್ಪಿಸ್ ಟ್ರಸ್ಟಿನ ತಂಡ 1995ರಿಂದ ಬೆಂಗಳೂರಿನಲ್ಲಿ ಕ್ಯಾನ್ಸರ್ ರೋಗಿಗಳ ಮನೆಗೆ ಹೋಗುತ್ತಿದೆ, ಉಚಿತವಾಗಿ. ಹೆಬ್ಬಾಳದ ಬ್ಯಾಪ್ಟಿಸ್ಟ್ ಆಸ್ಪತ್ರೆಗೂ ಮನೆಗೆ ಹೋಗುವ ಪ್ಯಾಲಿಯೇಟಿವ್ ತಂಡವಿದೆ. ಸಾಮಾನ್ಯವಾಗಿ ನರ್ಸ್ ಮತ್ತು ಆಪ್ತಸಲಹೆಗಾರರು ಬರುತ್ತಾರೆ, ಬೇಕಾದಾಗ ಡಾಕ್ಟರು. ಗಾಯಕ್ಕೆ ಪಟ್ಟಿ, ನಳಿಗೆ ಬದಲು, ಔಷಧದ ಪ್ರಮಾಣ ಸರಿಮಾಡುವುದು, ಮತ್ತೆ ಅಡುಗೆಮನೆಯಲ್ಲಿ ನಿಂತು ಅಮ್ಮನ ಜೊತೆ ಹತ್ತು ನಿಮಿಷ ಮಾತು. ಆ ಹತ್ತು ನಿಮಿಷಕ್ಕೆ ಬೆಲೆ ಕಟ್ಟಲಾಗದು. ಫೋನ್ ಮಾಡಿದಾಗ ಮೊದಲು ನಿಮ್ಮ ಬಡಾವಣೆಯ ಹೆಸರು ಹೇಳಿ, ಬರುತ್ತೀರಾ ಎಂದು ಕೇಳಿ. ಈ ಊರಿನ ಟ್ರಾಫಿಕ್ಕಿನಲ್ಲಿ ಯಾವ ತಂಡವೂ ಎಲ್ಲ ಮೂಲೆಗಳಿಗೂ ಮುಟ್ಟಲಾರದು. ಮಕ್ಕಳನ್ನು ನೋಡಿದ ಅನುಭವ ಇದೆಯಾ ಎಂದೂ ಕೇಳಿ. ದೊಡ್ಡವರ ಡೋಸಿಗೂ ಹದಿನಾರು ಕಿಲೋ ಮಗುವಿನ ಡೋಸಿಗೂ ಅಜಗಜಾಂತರ.

ಮನೆಯಲ್ಲಿ ನೀವು ಕಲಿಯಬೇಕಾದ್ದು ಭಯಪಟ್ಟಷ್ಟಿಲ್ಲ. ಸೂಜಿಯಿಲ್ಲದ ಸಣ್ಣ ಸಿರಿಂಜಿನಲ್ಲಿ ಮಾರ್ಫಿನ್ ಎಳೆದು ಕೆನ್ನೆಯ ಒಳಬದಿಗೆ ಬಿಡುವುದು ಮೂರನೇ ದಿನಕ್ಕೆ ಅಕ್ಕನಿಗೆ ಒಗ್ಗಿತು. ನೋವು ಬಂದಾಗ ಕೊಡುವುದಲ್ಲ ಅದು. ಸಾಮಾನ್ಯ ಮಾರ್ಫಿನ್ನಿನ ಪ್ರಭಾವ ಸುಮಾರು ನಾಲ್ಕು ಗಂಟೆ, ಆದ್ದರಿಂದ ಗಡಿಯಾರ ನೋಡಿ ಕೊಡಬೇಕು. ನಡುವೆ ನೋವು ಮೇಲೆದ್ದರೆ ಡಾಕ್ಟರು ಹೇಳಿದ ಹೆಚ್ಚುವರಿ ಡೋಸ್ ಬೇರೆ. ಮಲಬದ್ಧತೆ ಬಂದೇ ಬರುತ್ತದೆ, ಅದರ ಔಷಧ ಮೊದಲ ದಿನದಿಂದಲೇ ಜೊತೆಯಲ್ಲಿರಬೇಕು. ಮೊದಲ ಎರಡು ಮೂರು ದಿನ ಮಂಪರು, ಆಮೇಲೆ ಇಳಿಯುತ್ತದೆ. ನಮ್ಮ ಅತ್ತೆ ಪ್ರತಿ ಡೋಸಿಗೂ "ಇದನ್ನ ಕೊಟ್ಟೇ ಮಗೂನ ಬೇಗ ಕಳಿಸ್ತೀರ" ಎನ್ನುತ್ತಿದ್ದರು. ಸರಿಯಾದ ಪ್ರಮಾಣದಲ್ಲಿ ಕೊಟ್ಟ ಮಾರ್ಫಿನ್ ಸಾವನ್ನು ಹತ್ತಿರ ತರುವುದಿಲ್ಲ, ನೋವಿಗೆ ಕೊಟ್ಟಾಗ ಚಟವೂ ಹಿಡಿಯುವುದಿಲ್ಲ ಎಂದು ನರ್ಸ್ ಮೂರು ಸಲ ಹೇಳಿದರೂ ನಂಬಲಿಲ್ಲ. ನಂಬಿದ್ದು, ಮಗು ಎದ್ದು ಕೂತು ಅತ್ತೆಯ ಕೈಯಿಂದಲೇ ಅರ್ಧ ದೋಸೆ ತಿಂದ ದಿನ. ಒಂದು ಎಚ್ಚರಿಕೆ ಮಾತ್ರ ಬೇಕು: ನೀವಾಗಿ ಡೋಸ್ ಏರಿಸಬೇಡಿ, ತಟ್ಟನೆ ನಿಲ್ಲಿಸಲೂ ಬೇಡಿ, ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಯನ್ನು ಪುಡಿಮಾಡಲೇಬೇಡಿ.

ನೋವು ಅಳೆಯುವುದನ್ನೂ ಕಲಿಸುತ್ತಾರೆ. ನಗುವ ಮುಖದಿಂದ ಅಳುವ ಮುಖದವರೆಗಿನ ಚಿತ್ರದ ಹಾಳೆಯನ್ನು ಫ್ರಿಜ್ಜಿಗೆ ಅಂಟಿಸಿದ್ದೆವು. ಅವಳು ಬೆರಳಿಟ್ಟು ತೋರಿಸುತ್ತಿದ್ದಳು, ಕೆಲವೊಮ್ಮೆ ನಾವು ಟಿವಿ ಆರಿಸಿದ್ದಕ್ಕೂ ಅಳುವ ಮುಖವನ್ನೇ. ಮಾತು ಬರದ ಮಕ್ಕಳಿಗೆ ಬೇರೆ ಅಳತೆ ಇದೆ. ಮುಖ, ಕಾಲು, ಮೈಯ ಚಲನೆ, ಅಳು, ಸಮಾಧಾನಕ್ಕೆ ಬಗ್ಗುತ್ತದೆಯೇ ಅನ್ನುವ ಐದು ಸಂಗತಿಗೆ ಸೊನ್ನೆಯಿಂದ ಎರಡರವರೆಗೆ ಅಂಕ, ಒಟ್ಟು ಹತ್ತಕ್ಕೆ. ಒಂದು ಇನ್ನೂರು ಪುಟದ ನೋಟ್‌ಬುಕ್ ತಂದು ಗಂಟೆ, ಔಷಧ, ನೋವಿನ ಅಂಕ, ಊಟ, ಮಲ ಎಂದು ಗೆರೆ ಹಾಕಿ. ರಾತ್ರಿ ಫೋನಿನಲ್ಲಿ ಡಾಕ್ಟರು ಕೇಳುವುದು ಇಷ್ಟನ್ನೇ.

ಮನೆಯಲ್ಲಿದ್ದುದರಿಂದ ಏನು ಸಿಕ್ಕಿತು ಅಂದರೆ ನಾನು ಹೇಳುವುದು ಪರಿಷೆಯ ಕಥೆ. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ಹೋಗಲೇಬೇಕು ಅಂತ ಹಟ. ನರ್ಸಿಗೆ ಫೋನ್ ಮಾಡಿದೆವು. ಹೊರಡುವ ಅರ್ಧ ಗಂಟೆ ಮುಂಚೆ ಹೆಚ್ಚುವರಿ ಡೋಸ್ ಕೊಡಿ, ಆಟೋದಲ್ಲಿ ತೊಡೆಯ ಕೆಳಗೆ ದಿಂಬಿಡಿ, ಜನ ಸೇರುವ ಮುಂಚೆ ಬೆಳಿಗ್ಗೆಯೇ ಹೋಗಿ ಬನ್ನಿ ಎಂದರು. ನಲವತ್ತು ನಿಮಿಷ. ಭಾವನ ಹೆಗಲ ಮೇಲೆ ಕೂತು ಒಂದು ಪೀಪಿ, ಎರಡು ಸೇರು ಕಡಲೆಕಾಯಿ. ಸೇರಿನವಳು ಕೊಸರು ಹಾಕದಿದ್ದುದಕ್ಕೆ ಜಗಳವನ್ನೂ ಮಾಡಿದಳು. ಐಸಿಯುವಿಗೆ ಹೋಗಿದ್ದರೆ ಇನ್ನೂ ಹತ್ತು ದಿನ ಸಿಗುತ್ತಿತ್ತೇನೋ ಎಂದು ಭಾವನಿಗೆ ಈಗಲೂ ಒಮ್ಮೊಮ್ಮೆ ಅನ್ನಿಸುತ್ತದೆ. ಇದನ್ನೂ ಹೇಳಬೇಕು.

ಮನೆಗೆ ತಗಲುವ ಬೆಲೆಯೂ ಕಡಿಮೆಯಲ್ಲ. ಅಕ್ಕ ಐದು ತಿಂಗಳಲ್ಲಿ ಒಂದೇ ಸಮ ನಾಲ್ಕು ಗಂಟೆ ಮಲಗಿದ ರಾತ್ರಿಗಳನ್ನು ಎಣಿಸಬಹುದು. ನಾನು ಸಂಬಳವಿಲ್ಲದ ರಜೆ ಹಾಕಿದೆ. ಗಾಳಿಹಾಸಿಗೆ, ಕಫ ಎಳೆಯುವ ಯಂತ್ರ, ಗಾಳಿಯಿಂದಲೇ ಆಕ್ಸಿಜನ್ ಒದಗಿಸುವ ಆಕ್ಸಿಜನ್ ಕಾನ್ಸನ್‌ಟ್ರೇಟರ್ ಬಾಡಿಗೆಗೆ ಸಿಗುತ್ತವೆ, ಕೆಲವನ್ನು ತಂಡದವರೇ ಎರವಲು ಕೊಡುತ್ತಾರೆ. ಕರೆಂಟ್ ಹೋದರೆ ಏನು ಅನ್ನುವುದನ್ನು ಮೊದಲೇ ಯೋಚಿಸಿ. ಕಾನ್ಸನ್‌ಟ್ರೇಟರ್ ಯುಪಿಎಸ್ ಮೇಲೆ ಬಹಳ ಹೊತ್ತು ನಿಲ್ಲದು, ಪಕ್ಕದಲ್ಲೊಂದು ಸಣ್ಣ ಸಿಲಿಂಡರ್ ಬೇಕು.

ಇನ್ನೊಂದು ವಿಷಯವನ್ನು ಯಾರೂ ಫೋನಿನಲ್ಲಿ ಕೇಳುವುದಿಲ್ಲ, ನಾನೇ ಹೇಳುತ್ತೇನೆ. ಮನೆಯಲ್ಲೇ ಕೊನೆಯಾದರೆ ಪೊಲೀಸರನ್ನು ಕರೆಯಬೇಕಾಗಿಲ್ಲ. ಕಾಯಿಲೆ ನೋಡುತ್ತಿದ್ದ ಡಾಕ್ಟರು ಸಾವಿನ ಕಾರಣದ ಪತ್ರ ಕೊಡಬೇಕು. ಮನೆಯಲ್ಲಾದ ಸಾವಿಗೆ ಅದು ನಮೂನೆ 4ಎ. ಚಿತಾಗಾರದಲ್ಲೂ ರುದ್ರಭೂಮಿಯಲ್ಲೂ ಕೇಳುತ್ತಾರೆ, ಪಾಲಿಕೆಯಲ್ಲಿ 21 ದಿನದೊಳಗೆ ನೋಂದಾಯಿಸಿದರೆ ಶುಲ್ಕವಿಲ್ಲ. ಆ ಪತ್ರ ಯಾರು ಕೊಡುತ್ತಾರೆ, ರಾತ್ರಿಯಾದರೆ ಹೇಗೆ ಎಂದು ತಂಡದವರನ್ನು ಮುಂಚೆಯೇ ಕೇಳಿಡಿ. ಮನೆಯ ಹೆಂಗಸರ ಕೈಲಿ ಕೇಳಿಸಬೇಡಿ, ಮಾವನೋ ಚಿಕ್ಕಪ್ಪನೋ ಕೇಳಲಿ.

ಹಾಸ್ಪಿಸ್

ಹಾಸ್ಪಿಸ್ ಅಂದರೆ ಸಾಯಲು ಸೇರಿಸುವ ಜಾಗ ಅನ್ನುವ ಮಾತು ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ಮಕ್ಕಳಿಗೆಂದೇ ಜಗತ್ತಿನ ಮೊದಲ ಹಾಸ್ಪಿಸ್, ಆಕ್ಸ್‌ಫರ್ಡಿನ ಹೆಲೆನ್ ಹೌಸ್, 1982ರಲ್ಲಿ ಶುರುವಾಗಿದ್ದೇ ಹೈರಾಣಾದ ಅಪ್ಪ ಅಮ್ಮಂದಿರಿಗೆ ನಾಲ್ಕು ದಿನ ಉಸಿರಾಡಲು ಬಿಡುವು ಕೊಡುವುದಕ್ಕೆ. ನಾವೂ ಹಾಸ್ಪಿಸ್ಸನ್ನು ಬಳಸಿದ್ದು ಹಾಗೆಯೇ. ಮೂರನೇ ತಿಂಗಳಲ್ಲಿ ನೋವು ಹತೋಟಿ ತಪ್ಪಿತು, ಅಕ್ಕನಿಗೂ ಜ್ವರ. ಒಂಬತ್ತು ದಿನ ಇದ್ದು, ಡೋಸ್ ಸರಿಹೋದ ಮೇಲೆ ಮನೆಗೆ ಬಂದೆವು.

ಬೆಂಗಳೂರಿನಲ್ಲಿ ಇದಕ್ಕೆ ಮುಖ್ಯ ಹೆಸರು ಕುಂದಲಹಳ್ಳಿ ಗೇಟ್ ಬಳಿಯ ಕರುಣಾಶ್ರಯ. ಭಾರತೀಯ ಕ್ಯಾನ್ಸರ್ ಸೊಸೈಟಿಯ ಕರ್ನಾಟಕ ಶಾಖೆ ಮತ್ತು ಇಂದಿರಾನಗರದ ರೋಟರಿ ಸೇರಿ ಕಟ್ಟಿದ ಟ್ರಸ್ಟ್, ಒಳರೋಗಿಗಳಿಗೆ 1999ರಿಂದ ಬಾಗಿಲು ತೆರೆದಿದೆ. ಕಲ್ಲಿನ ಕಟ್ಟಡ, ನಡುವೆ ನೀರು, ಮರ. ಯಾರಿಗೂ ಬಿಲ್ಲಿಲ್ಲ. ಮುಂದುವರಿದ ಹಂತದ ಕ್ಯಾನ್ಸರ್ ರೋಗಿಗಳಿಗೆ ಮೀಸಲು, ಬರುವವರಲ್ಲಿ ಹೆಚ್ಚಿನವರು ದೊಡ್ಡವರು. ಮಗುವಿಗೆ ಎಂಥ ಜಾಗ ಕೊಡುತ್ತಾರೆ, ಜೊತೆಗೆ ಎಷ್ಟು ಜನ ಇರಬಹುದು, ಅಣ್ಣ ತಂಗಿಯನ್ನು ಬಿಡುತ್ತಾರಾ ಎಂದು ಮುಂಚೆ ಹೋಗಿ ನೋಡಿ ಬನ್ನಿ. ಮಗುವಿಲ್ಲದೆ ಒಮ್ಮೆ ಹೋಗಿ ಬರುವುದು ನನ್ನ ಬಲವಾದ ಸಲಹೆ. ನೋಡಿ ಬಂದವರ ಅರ್ಧ ಭಯ ಗೇಟಿನಲ್ಲೇ ಕಳಚುತ್ತದೆ.

ಇಲ್ಲಿ ಸಿಗದ್ದು ರಕ್ತ, ವೆಂಟಿಲೇಟರ್, ಇನ್ನೊಂದು ಸುತ್ತು ಕೀಮೋ ಇಂಥವು. ಅವು ಬೇಕೇ ಬೇಕು ಅನ್ನುವ ಮನಸ್ಥಿತಿಯಲ್ಲಿ ಮನೆಯವರಲ್ಲಿ ಒಬ್ಬರಿದ್ದರೂ ಹಾಸ್ಪಿಸ್ ದಾರಿಯಲ್ಲಿ ಜಗಳ ತಪ್ಪಿದ್ದಲ್ಲ. ಮೊದಲು ಅವರನ್ನೇ ಡಾಕ್ಟರ ಮುಂದೆ ಕೂರಿಸಿ.

ಊರಿಗೆ ಹೋಗಿಬಿಡೋದು

ಹಾಸನ, ಚಿತ್ರದುರ್ಗ, ರಾಯಚೂರಿನಿಂದ ಬಂದವರಿಗೆ ಒಂದು ಹಂತದಲ್ಲಿ ಬೆಂಗಳೂರಿನ ಬಾಡಿಗೆ ಕೋಣೆ ಉಸಿರುಕಟ್ಟಿಸುತ್ತದೆ. ಊರಲ್ಲಿ ಅಜ್ಜಿ, ಅಂಗಳ, ಹಸು, ಜಾತ್ರೆ. ಮಗುವೂ ಅದನ್ನೇ ಕೇಳುತ್ತದೆ. ಕೈಗಳ ಲೆಕ್ಕದಲ್ಲಿ ಊರಿಗೆ ಸಾಟಿಯಿಲ್ಲ. ಮಾರ್ಫಿನ್ ಲೆಕ್ಕದಲ್ಲಿ ಊರು ಸೋಲುತ್ತದೆ, ರಾತ್ರಿ ಫೋನಿನ ಲೆಕ್ಕದಲ್ಲಿ ಅದಕ್ಕಿಂತ ಹೆಚ್ಚು.

ಹೋಗುವುದೇ ಆದರೆ ಹೊರಡುವ ಮುಂಚೆ ಇಷ್ಟು ಕೈಲಿರಲಿ: ಡಾಕ್ಟರು ಕೊಡಬಹುದಾದಷ್ಟು ದಿನದ ಔಷಧ, ಊರಿನ ಡಾಕ್ಟರಿಗೆ ಬರೆದ ಪತ್ರ, ಏನಾದರೆ ಏನು ಮಾಡಬೇಕು ಎಂದು ಮನೆಯವರಿಗೆ ಕನ್ನಡದಲ್ಲೇ ಬರೆದ ಒಂದು ಹಾಳೆ, ಬೆಂಗಳೂರಿನಲ್ಲಿ ಫೋನ್ ಎತ್ತುವ ಒಬ್ಬರ ನಂಬರ್. ರಾಷ್ಟ್ರೀಯ ಉಪಶಮನ ಆರೈಕೆ ಕಾರ್ಯಕ್ರಮ 2012ರಲ್ಲಿ ಬಂದಿದ್ದರಿಂದ ಜಿಲ್ಲಾಸ್ಪತ್ರೆಯಲ್ಲಿ ಪ್ಯಾಲಿಯೇಟಿವ್ ಘಟಕ ಇದೆಯಾ, ಮಾರ್ಫಿನ್ ಇಡುತ್ತಾರಾ ಎಂದು ಕೇಳುವ ಹಕ್ಕು ನಿಮಗಿದೆ. ಊರಿಗೆ ಹೋದ ಮೇಲೆ ಕೇಳಬೇಡಿ, ಹೋಗುವ ಮುಂಚೆ ಯಾರನ್ನಾದರೂ ಕಳಿಸಿ ವಿಚಾರಿಸಿ.

ಖಾಸಗಿ ಹೋಂ ನರ್ಸಿಂಗ್ ಬಗ್ಗೆ ಎರಡೇ ಮಾತು

ಏಜೆನ್ಸಿಯವರು "ಮನೆಯಲ್ಲೇ ಐಸಿಯು" ಎನ್ನುತ್ತಾರೆ. ದುಡ್ಡಿದ್ದರೆ, ಉಸಿರಾಟದ ಯಂತ್ರದ ಮೇಲಿರುವ ಮಗುವನ್ನು ಮನೆಗೆ ತರುವುದಕ್ಕೆ ಇದು ಉಪಯೋಗಕ್ಕೆ ಬರುತ್ತದೆ. ಆದರೆ ಬರುವವರು ತರಬೇತಾದ ನರ್ಸಾ, ಬರೀ ಅಟೆಂಡರಾ, ಮಕ್ಕಳನ್ನು ನೋಡಿದ್ದಾರಾ, ಅವರ ಮೇಲೆ ಯಾವ ಡಾಕ್ಟರಿದ್ದಾರೆ ಎಂದು ಬರಹದಲ್ಲಿ ಕೇಳಿ. ಇನ್ಶೂರೆನ್ಸ್ ಮನೆಯ ಆರೈಕೆಗೆ ಕೊಡುತ್ತದೆಯೇ ಎಂದು ಪಾಲಿಸಿಯ ಹಾಳೆ ತೆಗೆದು ಓದಿ, ಏಜೆಂಟನ ಬಾಯಿಮಾತು ಸಾಲದು.

ಕ್ಯಾನ್ಸರ್ ಅಲ್ಲದಿದ್ದರೆ

ಇವರ ಫೋನು ಬಂದಾಗ ನನಗೆ ಹೆಚ್ಚು ಕಷ್ಟ. ಸ್ನಾಯು ಕ್ಷಯವಿರುವ ಹುಡುಗನ ದಾರಿ ತಿಂಗಳುಗಳದ್ದಲ್ಲ, ಹತ್ತಿಪ್ಪತ್ತು ವರ್ಷದ್ದು. ಅಲ್ಲಿ ಮನೆಯೇ ಮುಖ್ಯ ಜಾಗ, ಆಸ್ಪತ್ರೆ ಆಗಾಗ ಹೋಗಿಬರುವ ಜಾಗ. ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ, ನಿಮ್ಹಾನ್ಸ್, ಸೇಂಟ್ ಜಾನ್ಸ್ ಇವುಗಳಲ್ಲಿ ಒಂದನ್ನು ಬೇರಿನಂತೆ ಹಿಡಿದುಕೊಂಡು, ಪ್ರತಿಸಲ ಅದೇ ಕಡೆ ಹೋಗುವುದು ವಾಸಿ. ಅಪರೂಪದ ವಂಶವಾಹಿ ಕಾಯಿಲೆಯಾಗಿದ್ದರೆ, 2021ರ ರಾಷ್ಟ್ರೀಯ ಅಪರೂಪ ಕಾಯಿಲೆಗಳ ನೀತಿಯಡಿ ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರ ಮತ್ತು ಇಂದಿರಾ ಗಾಂಧಿ ಆಸ್ಪತ್ರೆ ಜೊತೆಯಾಗಿ ಇಂಥ ಕಾಯಿಲೆಗಳಿಗೆ ಗೊತ್ತುಮಾಡಿದ ಉತ್ಕೃಷ್ಟತಾ ಕೇಂದ್ರ. 50 ಲಕ್ಷದವರೆಗಿನ ನೆರವಿನ ಅರ್ಜಿ ಅಲ್ಲಿಂದಲೇ ಹೋಗಬೇಕು. ಆ ದುಡ್ಡು ಕಾಯಿಲೆಯ ಚಿಕಿತ್ಸೆಗೆ, ಮನೆಯ ಆರೈಕೆಗೆ ಅಲ್ಲ. ಸೆರೆಬ್ರಲ್ ಪಾಲ್ಸಿ, ಆಟಿಸಂ, ಬುದ್ಧಿಮಾಂದ್ಯ, ಬಹುವಿಕಲತೆಯ ಮಕ್ಕಳಿಗೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿನ ನಿರಾಮಯ ವಿಮೆ ವರ್ಷಕ್ಕೆ 1 ಲಕ್ಷದವರೆಗೆ, ಹೊರರೋಗಿ ಖರ್ಚಿಗೂ ಥೆರಪಿಗೂ ಸಿಗುತ್ತದೆ. ಎಷ್ಟೋ ಜನ ಮಾಡಿಸಿಯೇ ಇರುವುದಿಲ್ಲ.

ಇವರಿಗೆ ನಾನು ಸೇರಿಸುವ ಅಳತೆಗೋಲು ಒಂದೇ: ಅಮ್ಮ ವರ್ಷಕ್ಕೆ ಹತ್ತು ದಿನವಾದರೂ ಬಿಡುವು ತೆಗೆದುಕೊಳ್ಳುವಂತೆ ಯಾರಿಗೆ ಕಲಿಸಿಟ್ಟಿದ್ದೀರಿ? ನಳಿಗೆಯಲ್ಲಿ ಊಟ ಕೊಡಲು, ಫಿಟ್ಸ್ ಬಂದಾಗ ಮೂಗಿಗೆ ಔಷಧ ಹಾಕಲು ಇನ್ನೊಬ್ಬರಿಗೆ ಬರಬೇಕು.

ಯಾರಿಗೆ ಯಾವುದು

ಪೀಣ್ಯದ ಒಂದು ಕೋಣೆಯ ಮನೆ, ಗಾರ್ಮೆಂಟ್ಸಿಗೆ ಹೋಗುವ ಅಮ್ಮ, ಲ್ಯುಕೇಮಿಯಾ ಮಗು: ಆಸ್ಪತ್ರೆಯ ಪ್ಯಾಲಿಯೇಟಿವ್ ಹೊರರೋಗಿ ವಿಭಾಗವನ್ನು ಬಿಡಬೇಡಿ, ಮನೆಗೆ ಬರುವ ತಂಡಕ್ಕೆ ಹೆಸರು ಕೊಟ್ಟಿಡಿ, ಕೈ ಸೋತಾಗ ಹಾಸ್ಪಿಸ್. ಇಬ್ಬರಿಗೂ ವರ್ಕ್ ಫ್ರಂ ಹೋಂ, ಅಜ್ಜಿ ಜೊತೆಗಿದ್ದಾರೆ, ಗಟ್ಟಿಗೆಡ್ಡೆಯ ಕ್ಯಾನ್ಸರ್: ಮನೆಯೇ ಸರಿ, ಆದರೆ ಖಾಸಗಿ ನರ್ಸನ್ನು ರಾತ್ರಿಗೆ ಇಟ್ಟುಕೊಳ್ಳಲು ಸಾಧ್ಯವಾದರೆ ಹಗಲಿಗೆ ಬೇಡ, ರಾತ್ರಿಗೇ ಇಡಿ. ಊರಿನವರು, ಮಗು ಊರನ್ನೇ ಕನವರಿಸುತ್ತಿದೆ: ನೋವು ಹತೋಟಿಗೆ ಬರುವವರೆಗೆ ಇಲ್ಲಿದ್ದು ಆಮೇಲೆ ಹೋಗಿ. ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಿಗೆ ಮನೆಯಲ್ಲಿ ಸಾವು ನೋಡುವ ಧೈರ್ಯವಿಲ್ಲ ಎಂದಾದರೆ ಒತ್ತಾಯ ಬೇಡ. ಹಾಸ್ಪಿಸ್ ಅವರಿಗಾಗಿಯೇ ಇರುವುದು.

ಒಮ್ಮೆ ಆರಿಸಿದ್ದಕ್ಕೆ ಕಟ್ಟುಬೀಳಬೇಕಿಲ್ಲ. ನಾವು ಮೂರು ಸಲ ಮನಸ್ಸು ಬದಲಿಸಿದೆವು, ಯಾವ ನರ್ಸೂ ಮುಖ ಸಿಂಡರಿಸಲಿಲ್ಲ.

ಇನ್ನೊಂದು ಸಣ್ಣ ಕೆಲಸ ಹೇಳುವುದನ್ನು ಮರೆಯುತ್ತಿದ್ದೆ. ಉಳಿದ ಮಾರ್ಫಿನ್ನನ್ನು ಮನೆಯಲ್ಲಿಟ್ಟುಕೊಳ್ಳುವಂತಿಲ್ಲ, ಸಿಂಕಿಗೂ ಸುರಿಯುವುದಲ್ಲ, ಕೊಟ್ಟವರಿಗೇ ಹಿಂದಿರುಗಿಸಬೇಕು. ಹದಿಮೂರನೇ ದಿನ ಕಳೆದ ಮೇಲೆ ಅಕ್ಕ ನನ್ನನ್ನು ಕಳಿಸದೆ ತಾನೇ ಹೋದಳು. ನರ್ಸ್ ಸೀಸೆಯನ್ನು ಬೆಳಕಿಗೆ ಹಿಡಿದು ಎಷ್ಟಿದೆ ನೋಡಿ ರಿಜಿಸ್ಟರಿನಲ್ಲಿ ಬರೆದು ಅವಳ ಸಹಿ ಹಾಕಿಸಿಕೊಂಡರು. ಅಕ್ಕ ಚೀಲದಿಂದ ಇನ್ನೂರು ಪುಟದ ನೋಟ್‌ಬುಕ್ಕನ್ನೂ ತೆಗೆದು ಮೇಜಿನ ಮೇಲಿಟ್ಟು, ಇದನ್ನೂ ಕೊಡಬೇಕಾ ಎಂದಳಂತೆ. ಅದು ನಿಮ್ಮದೇ, ತಗೊಂಡು ಹೋಗಿ ಅಂದರಂತೆ.